6, 7, 8ನೇ ತರಗತಿ: ಶಾಲೆಯ ಸುದ್ದಿ ಮನೆ ಮುಟ್ಟುತ್ತಿಲ್ಲ, ಪೋಷಕರು ಸಭೆಗೆ ಬರುತ್ತಿಲ್ಲ

ಪ್ರಶ್ನೆ: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ, ಕೋಲಾರ ಕಡೆ

ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 1ರಿಂದ 8ರ ತನಕ 142 ಮಕ್ಕಳು, ಅದರಲ್ಲಿ 6, 7, 8ನೇ ತರಗತಿಯವರು 61. ನಲಿ-ಕಲಿ (1ರಿಂದ 3ನೇ ತರಗತಿ) ಮಕ್ಕಳ ತಾಯಂದಿರು ಮಗುವನ್ನು ಬಿಡೋಕೆ, ಕರ್ಕೊಂಡು ಹೋಗೋಕೆ ದಿನಾ ಗೇಟಿನ ಹತ್ತಿರ ಬರ್ತಾರೆ. ಅವರಿಗೆ ಸುದ್ದಿ ತಾನಾಗಿ ತಿಳಿಯುತ್ತೆ. 6ನೇ ತರಗತಿಗೆ ಬಂದ ಮೇಲೆ ಮಕ್ಕಳು ತಾವೇ ಬಂದು ಹೋಗ್ತಾರೆ, ಅಲ್ಲಿಗೆ ಮನೆಗೂ ಶಾಲೆಗೂ ಇದ್ದ ಕೊಂಡಿ ಕಳಚಿಬಿಡುತ್ತೆ. ಜುಲೈ ತಿಂಗಳ ಸಭೆಗೆ ಈ 61 ಮಕ್ಕಳಲ್ಲಿ 14 ಮಕ್ಕಳ ಮನೆಯವರು ಮಾತ್ರ ಬಂದರು.

ಈಗ ಇರೋದು ಮೂರು ದಾರಿ: ಡೈರಿಯಲ್ಲಿ ಬರೆಸಿ ಕಳಿಸೋದು, ಒಂದು ವಾಟ್ಸಾಪ್ ಗುಂಪು, ಗೇಟಿನ ಪಕ್ಕದ ಸೂಚನಾ ಫಲಕ. ಡೈರಿ ಬ್ಯಾಗಿನಿಂದ ಆಚೆ ಬರಲ್ಲ. ಗುಂಪಿನ ತುಂಬಾ ಶುಭೋದಯ, ರಾಜಕೀಯದ ವಿಡಿಯೊ. ಹೋದ ವರ್ಷ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯ ಸೂಚನೆ ಅದರಡಿ ಹೂತುಹೋಗಿ, 8ನೇ ತರಗತಿಯಲ್ಲಿ ಅರ್ಹತೆ ಇದ್ದ ಮಕ್ಕಳೂ ಅರ್ಜಿ ಹಾಕಲಿಲ್ಲ. ಅಪ್ಪಂದಿರು ಹೆಚ್ಚಿನವರು ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಲ್ಲಿ ಪಾಳಿ ಕೆಲಸಕ್ಕೆ ಹೋಗ್ತಾರೆ. ಅಮ್ಮಂದಿರಿಗೆ ಹೊಲ, ಹಸು, ರೇಷ್ಮೆ. ಎಷ್ಟೋ ಮನೆಗಳಲ್ಲಿ ಮಾತು ತೆಲುಗು.

ಕೇಳಬೇಕಾದ್ದು ಇಷ್ಟು. ಸುದ್ದಿಯನ್ನು ಯಾವ ರೂಪದಲ್ಲಿ, ಏನೇನು ಬರೆದು ಕಳಿಸಬೇಕು? ಪೋಷಕರನ್ನು ಸಭೆಗೆ ಬರಮಾಡೋದು ಹೇಗೆ? ಎಸ್‌ಡಿಎಂಸಿ ಸಭೆ ಬರೀ ಸಹಿ ಹಾಕೋ ಕೆಲಸ ಆಗಿದೆ, ಅದನ್ನು ನಿಜವಾದ ಸಭೆ ಮಾಡೋದು ಹೇಗೆ?

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕ, ತುಮಕೂರು

ಮೇಡಂ, ಸುದ್ದಿ ಮುಟ್ಟಿಸೋದನ್ನೂ ಸಭೆಗೆ ಕರೆಯೋದನ್ನೂ ಮೊದಲು ಬೇರೆ ಬೇರೆ ಮಾಡಿ. ಶಾಲೆಯಿಂದ ಕಾಗದ ಬಂತು ಅಂದ್ರೆ ಒಂದೋ ಸಭೆ, ಇಲ್ಲ ದೂರು ಅಂತ ಮನೆಯವರಿಗೆ ರೂಢಿಯಾಗಿಬಿಟ್ಟಿದೆ. ಅದಕ್ಕೇ ಓದಲ್ಲ. ತಮ್ಮ ಕೈಗೆ ಉಪಯೋಗಕ್ಕೆ ಬರೋ ಹಾಳೆ ನಾಲ್ಕು ತಿಂಗಳು ತಪ್ಪದೆ ಬಂದರೆ ಐದನೇ ಸಲ ಅದೇ ಹಾಳೆಯಲ್ಲಿ ಸಭೆಗೆ ಕರೆದಾಗ ಬರ್ತಾರೆ.

ಹಾಳೆ ಅಂದ್ರೆ ಎ4 ಅಳತೆ, ಒಂದೇ ಬದಿ, ತಿಂಗಳಿಗೆ ಒಂದು. ಟೈಪ್ ಮಾಡಿದರೆ ಅಕ್ಷರ 14 ಪಾಯಿಂಟ್‌ಗಿಂತ ಚಿಕ್ಕದು ಬೇಡ. ಕೈಬರಹವೂ ಆಗುತ್ತೆ, ಆದರೆ ಕಪ್ಪು ಶಾಯಿಯಲ್ಲಿ ಬರೀರಿ. ನೀಲಿ ಪೆನ್ನಿನ ಬರಹ ಜೆರಾಕ್ಸ್‌ನಲ್ಲಿ ಮಸುಕಾಗುತ್ತೆ. ಮಗುವಿಗೊಂದು ಪ್ರತಿ ಬೇಡ, ಮನೆಗೊಂದು ಸಾಕು. ಅಕ್ಕ 8ರಲ್ಲಿ, ತಮ್ಮ 4ರಲ್ಲಿ ಇದ್ದರೆ ತಮ್ಮನ ಕೈಗೆ ಕೊಡಿ. ಚಿಕ್ಕವರು ಮನೆಗೆ ಹೋದ ತಕ್ಷಣ ತೋರಿಸ್ತಾರೆ, ದೊಡ್ಡವರು ಬಚ್ಚಿಡ್ತಾರೆ. ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಪಂಚಾಯಿತಿ ಕಚೇರಿ, ಬಸ್ ನಿಲ್ದಾಣದ ಅಂಗಡಿ, ಈ ಐದು ಕಡೆ ಒಂದೊಂದು ಅಂಟಿಸಿ. ಇದರಲ್ಲಿ ಡೇರಿಯನ್ನು ಮಾತ್ರ ಮರೆಯಬೇಡಿ. ಬೆಳಿಗ್ಗೆ, ಸಂಜೆ ಹಾಲು ಅಳೆಸೋಕೆ ಸಾಲಿನಲ್ಲಿ ನಿಂತವರಿಗೆ ಓದೋಕೆ ಬಿಡುವಿರುತ್ತೆ. ಗೇಟಿನ ಪಕ್ಕದ ಫಲಕ ನೋಡೋದು ಶಾಲೆಗೆ ಬರೋರು ಮಾತ್ರ, ನಿಮಗೆ ಬೇಕಾದವರು ಶಾಲೆಗೆ ಬಾರದವರು. ಒಟ್ಟು 60-65 ಪ್ರತಿ, ಪುಟಕ್ಕೆ 2 ರೂಪಾಯಿ ಹಿಡಿದರೆ ತಿಂಗಳಿಗೆ 130 ರೂಪಾಯಿ ಒಳಗೆ ಮುಗಿಯುತ್ತೆ.

ಹಾಳೆಯ ತಲೆಯ ಮೇಲೆ "ಈ ತಿಂಗಳು ನೀವು ಮಾಡಬೇಕಾದ ಕೆಲಸ" ಅಂತ ಹಾಕಿ, ಮೂರಕ್ಕಿಂತ ಹೆಚ್ಚು ಬೇಡ. ಪ್ರತಿ ಕೆಲಸಕ್ಕೂ ಕೊನೆಯ ದಿನ, ಹೋಗಬೇಕಾದ ಜಾಗ, ಜೊತೆಗೆ ಒಯ್ಯಬೇಕಾದ ಕಾಗದ. ಕೆಳಗೆ ಆ ತಿಂಗಳ ರಜೆ, ಪರೀಕ್ಷೆ, ಮಾತ್ರೆ ಕೊಡೋ ದಿನ. ಆಮೇಲೆ ಪ್ರತಿ ತರಗತಿಗೆ ಒಂದು ಸಾಲು: ಈಗ ಯಾವ ಪಾಠ ನಡೀತಿದೆ, ಮನೆಯಲ್ಲಿ ಏನು ಕೇಳಬಹುದು. ಓದು ಬಾರದ ಅಮ್ಮನೂ ಕೇಳೋ ಹಾಗಿರಬೇಕು ಪ್ರಶ್ನೆ. 7ನೇ ತರಗತಿಯಲ್ಲಿ ಪೂರ್ಣಾಂಕಗಳು ನಡೀತಿದ್ದರೆ, "ಡೇರಿಯಿಂದ ಬರಬೇಕಾದ್ದು 900, ಮೇವಿನ ಬಾಕಿ 1,200. ಕೊನೆಗೆ ನಮ್ಮ ಲೆಕ್ಕ ಎಷ್ಟು ಅಂತ ಮಗು ಬರೆದು ತೋರಿಸಲಿ." ಮಗು ಋಣ ಚಿಹ್ನೆ ಹಾಕಿ 300 ಬರೆದರೆ ಪಾಠ ಹತ್ತಿದೆ ಅಂತ ಲೆಕ್ಕ.

ಎಲ್ಲಕ್ಕಿಂತ ಕೆಳಗೆ "ಹೋದ ತಿಂಗಳು ನೀವು ಹೇಳಿದ್ದು, ಆಗಿದ್ದು" ಅಂತ ಎರಡು ಸಾಲು. ಆಗದೇ ಇದ್ದದ್ದನ್ನೂ ಬರೀರಿ, ಯಾಕೆ ಆಗಲಿಲ್ಲ ಅಂತಲೂ ಬರೀರಿ. ಜನ ಈ ಹಾಳೆಯನ್ನು ಕೈಯಲ್ಲಿ ಹಿಡಿದು ಓದೋದು ಈ ಎರಡು ಸಾಲಿಗೆ. ಸ್ವಾತಂತ್ರ್ಯೋತ್ಸವದಲ್ಲಿ ಯಾರು ಧ್ವಜ ಹಾರಿಸಿದರು, ಯಾರು ಭಾಷಣ ಮಾಡಿದರು ಅನ್ನೋದು ಇದರಲ್ಲಿ ಬರಬಾರದು. ಗಣ್ಯರ ಹೆಸರು ಒಮ್ಮೆ ಒಳಗೆ ಬಂದರೆ ಮುಕ್ಕಾಲು ಪುಟ ತಿಂದುಬಿಡುತ್ತೆ.

ಹಾಳೆಯ ಬುಡದಲ್ಲಿ ಎರಡು ಬೆರಳಗಲ ಹರಿದು ಕೊಡೋ ಚೀಟಿ ಇರಲಿ. ಬರೀ "ಪೋಷಕರ ಸಹಿ" ಅಂತ ಹಾಕಿದರೆ ದಾರಿಯಲ್ಲೇ ಮಕ್ಕಳು ಸಹಿ ಹಾಕಿ ತರ್ತಾರೆ. ಮನೆಯವರೇ ಉತ್ತರಿಸಬೇಕಾದ ಒಂದು ಪ್ರಶ್ನೆ ಕೇಳಿ: "ಸಭೆಗೆ ಯಾವ ಹೊತ್ತು ಅನುಕೂಲ, ಬೆಳಿಗ್ಗೆ 9, ಮಧ್ಯಾಹ್ನ 3, ಸಂಜೆ 5?" ಮೂರು ದಿನದಲ್ಲಿ ಎಷ್ಟು ಚೀಟಿ ವಾಪಸು ಬಂತು ಅಂತ ಎಣಿಸಿ. ಬಾರದ ಮನೆಗಳ ಪಟ್ಟಿಯೇ ನಿಮ್ಮ ಮುಂದಿನ ಕೆಲಸ. ಆ ಮನೆಗಳಿಗೆ ಹಾಳೆ ಸಾಲದು, ಫೋನು ಇಲ್ಲವೇ ಕಾಲ್ನಡಿಗೆ.

ಎನ್‌ಎಂಎಂಎಸ್ ವಿಷಯ. 8ನೇ ತರಗತಿಯಲ್ಲಿ ಬರೆಯೋ ಪರೀಕ್ಷೆ, ಆಯ್ಕೆಯಾದರೆ 9ರಿಂದ 12ರ ತನಕ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು, 7ನೇ ತರಗತಿಯಲ್ಲಿ 55 ಪ್ರತಿಶತ ಅಂಕ ಇರಬೇಕು, ಪರಿಶಿಷ್ಟ ಜಾತಿ-ಪಂಗಡದ ಮಕ್ಕಳಿಗೆ 50. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಮಕ್ಕಳು ತಪ್ಪಿಸಿಕೊಳ್ಳೋದಕ್ಕೆ ಮುಖ್ಯ ಕಾರಣ ಪರೀಕ್ಷೆಯ ಕಷ್ಟ ಅಲ್ಲ, ಆದಾಯ ಪ್ರಮಾಣಪತ್ರ. ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ದಿನ ಸಾಲಲ್ಲ. ಜೂನ್ ಹಾಳೆಯಲ್ಲೇ 7 ಮತ್ತು 8ರ ಮನೆಗಳಿಗೆ "ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ" ಅಂತ ಹಾಕಬೇಕು. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೂ ಇದೇ ಕಾಗದಗಳು ಬೇಕು, ಒಂದೇ ಓಡಾಟದಲ್ಲಿ ಎರಡೂ ಆಗುತ್ತೆ.

ಜೂನ್ ತಿಂಗಳಲ್ಲೇ ಆಗಬೇಕಾದ ಇನ್ನೊಂದು ಕೆಲಸ: ಎಸ್‌ಎಟಿಎಸ್‌ನಲ್ಲಿರೋ (ಮಕ್ಕಳ ವಿವರ ಇಡೋ ಇಲಾಖೆಯ ಆನ್‌ಲೈನ್ ದಾಖಲೆ) ಮಗುವಿನ ಹೆಸರು, ಅಪ್ಪ-ಅಮ್ಮನ ಹೆಸರು, ಹುಟ್ಟಿದ ದಿನವನ್ನು ಒಂದು ಚೀಟಿಯಲ್ಲಿ ಬರೆದು ಮನೆಗೆ ಕಳಿಸಿ, ಆಧಾರ್ ಜೊತೆ ಹೋಲಿಸಿ ನೋಡೋಕೆ ಹೇಳಿ. ಒಂದಕ್ಷರದ ವ್ಯತ್ಯಾಸಕ್ಕೆ ವಿದ್ಯಾರ್ಥಿವೇತನ ನಿಂತುಹೋಗುತ್ತೆ, ಮುಂದೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಅದೇ ತಪ್ಪು ಹೋಗುತ್ತೆ. ಟಿಸಿ ಕೊಡೋ ಮೊದಲು ತಿದ್ದಿದರೆ ಕೆಲಸ ನಿಮ್ಮ ಶಾಲೆಯಲ್ಲೇ ಮುಗಿಯುತ್ತೆ. ಮಗು ಹೈಸ್ಕೂಲಿಗೆ ಹೋದ ಮೇಲೆ ಎರಡು ಶಾಲೆಗಳ ನಡುವೆ ಅಲೆದಾಟ.

ಉತ್ತರ 2: ವಾಟ್ಸಾಪ್ ನೋಡಿಕೊಳ್ಳುವವನು, ಮಂಡ್ಯ

ಈಗಿನ ಗುಂಪನ್ನು ಸರಿಪಡಿಸೋಕೆ ಹೋಗಬೇಡಿ, ಹೊಸದು ಮಾಡಿ. ಹಳೆಯದರಲ್ಲಿ ಶಾಲೆ ಬಿಟ್ಟು ಹೋದ ಮಕ್ಕಳ ಮನೆಯವರು, ಊರ ಮುಖಂಡರು, ಯಾರ್ಯಾರೋ ಇರ್ತಾರೆ. ತೆಗೆದರೆ ಬೇಜಾರು, ಬಿಟ್ಟರೆ ಗಲಾಟೆ. ತರಗತಿಗೊಂದು ಗುಂಪು ಮಾಡಿ. 20 ಮನೆಯ ಗುಂಪಿನಲ್ಲಿ ಬಂದ ಸುದ್ದಿ ತನ್ನ ಮಗುವಿನದು ಅಂತ ಅನ್ನಿಸುತ್ತೆ, ಎಲ್ಲರೂ ಸೇರಿದ ಗುಂಪಿನಲ್ಲಿ ಅದು ಯಾರದ್ದೋ ಸುದ್ದಿ.

ಗುಂಪಿನ ಸೆಟ್ಟಿಂಗ್‌ನಲ್ಲಿ ಸಂದೇಶ ಕಳಿಸೋ ಅನುಮತಿ ಅಡ್ಮಿನ್‌ಗಳಿಗೆ ಮಾತ್ರ ಅಂತ ಇಡಿ. ಅಡ್ಮಿನ್ ಮೂವರು: ತರಗತಿ ಶಿಕ್ಷಕರು, ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯ ಒಬ್ಬ ತಾಯಿ. ಒಬ್ಬರೇ ಇದ್ದರೆ ಅವರಿಗೆ ವರ್ಗಾವಣೆಯಾದ ದಿನ ಗುಂಪು ಅನಾಥ.

ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಅಂತ ಯಾರಾದರೂ ಹೇಳಬಹುದು. ನಿಮ್ಮ ನಂಬರ್ ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದರ ಸಂದೇಶ ಹೋಗುತ್ತೆ.  ಗುಂಪಿನಲ್ಲಿ ಬೇರೆ ತೊಂದರೆ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ತಾಯಂದಿರ ನಂಬರ್ ಇರೋ ಕಡೆ ಇದು ಸಣ್ಣ ವಿಷಯ ಅಲ್ಲ. ಅದಕ್ಕೆ ಕಮ್ಯೂನಿಟಿ (ಹಲವು ಗುಂಪುಗಳನ್ನು ಒಂದರಡಿ ಸೇರಿಸೋ ವಾಟ್ಸಾಪ್ ಸೌಲಭ್ಯ) ಮಾಡಿ, ಅದರ ಪ್ರಕಟಣೆ ಗುಂಪನ್ನು ಬಳಸಿ. ಅಲ್ಲಿ ಸದಸ್ಯರ ನಂಬರ್ ಇತರ ಸದಸ್ಯರಿಗೆ ಕಾಣಲ್ಲ.

ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಬಂದ ಸುತ್ತೋಲೆಯ ಫೋಟೊ ಹಾಗೇ ಮುಂದಕ್ಕೆ ತಳ್ಳೋದು ಎಲ್ಲ ಶಾಲೆಗಳಲ್ಲೂ ನಡೆಯೋ ದೊಡ್ಡ ತಪ್ಪು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾಗೋ ಕಾಗದವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಯಾರೂ ಓದಲ್ಲ, ಆಮೇಲೆ ಹುಡುಕಿದರೂ ಸಿಗಲ್ಲ. ಸುತ್ತೋಲೆಯನ್ನು ಓದಿ, ನಾಲ್ಕು ಸಾಲಿಗೆ ಇಳಿಸಿ ನೀವೇ ಬರೀರಿ. ಮೊದಲ ಸಾಲು ಯಾವ ತರಗತಿಗೆ. ಎರಡನೆಯದು ಏನು ಮಾಡಬೇಕು. ಮೂರನೆಯದು ಯಾವತ್ತಿನೊಳಗೆ, ವಾರದ ಹೆಸರು ಸೇರಿಸಿ. "23ರ ಒಳಗೆ" ಅನ್ನೋದಕ್ಕಿಂತ "ಬರೋ ಶುಕ್ರವಾರ, 23ನೇ ತಾರೀಕು" ಅಂದ್ರೆ ನೆನಪಿರುತ್ತೆ. ನಾಲ್ಕನೆಯದು ಅನುಮಾನ ಇದ್ದರೆ ಯಾರನ್ನು ಕೇಳಬೇಕು. ಇದರ ಕೆಳಗೆ ಅದೇ ವಿಷಯ 40 ಸೆಕೆಂಡ್ ಧ್ವನಿ ಸಂದೇಶದಲ್ಲಿ. ಓದು ಬಾರದವರಿಗೆ, ಕೈ ಕೆಲಸದಲ್ಲಿರೋರಿಗೆ ಇದೇ ಮುಖ್ಯ. ಒಂದು ನಿಮಿಷ ದಾಟಿದರೆ ಅರ್ಧಕ್ಕೆ ನಿಲ್ಲಿಸಿಬಿಡ್ತಾರೆ.

ಕಳಿಸೋ ಹೊತ್ತು ರಾತ್ರಿ 7.30ರಿಂದ 8.30. ಬೆಳಿಗ್ಗೆ 10 ಗಂಟೆಗೆ ಕಳಿಸಿದರೆ ಫೋನ್ ಅಪ್ಪನ ಜೇಬಿನಲ್ಲಿ ಕಾರ್ಖಾನೆಯಲ್ಲಿರುತ್ತೆ, ರಾತ್ರಿ ಹೊತ್ತಿಗೆ ಅದರ ಮೇಲೆ ಐವತ್ತು ಸಂದೇಶ ಕೂತಿರುತ್ತೆ. ವಾರಕ್ಕೆ ಎರಡೇ ದಿನ ಕಳಿಸಿ. ಅವಸರದ್ದು, ಮಳೆ ರಜೆ ಇಂಥದ್ದು, ಮಾತ್ರ ಯಾವಾಗ ಬೇಕಾದರೂ.

ಸಾಮಾನ್ಯ ಗುಂಪಿನಲ್ಲಿ ಒಂದು ಅನುಕೂಲ ಇದೆ. ನೀವು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರು ಓದಿದ್ದಾರೆ, ಯಾರಿಗೆ ತಲುಪಿಯೇ ಇಲ್ಲ ಅಂತ ಗೊತ್ತಾಗುತ್ತೆ. ಮೂರು ದಿನವಾದರೂ ತಲುಪಿಲ್ಲ ಅಂದ್ರೆ ಬಹುತೇಕ ರೀಚಾರ್ಜ್ ಮುಗಿದಿದೆ ಇಲ್ಲವೇ ನಂಬರ್ ಬದಲಾಗಿದೆ. ಮಗುವಿನ ಹತ್ತಿರ ಹೊಸ ನಂಬರ್ ಕೇಳಿ, ಶಾಲೆಯ ದಾಖಲೆಯಲ್ಲೂ ತಿದ್ದಿಸಿ.

ಮಕ್ಕಳ ಫೋಟೊ ವಿಷಯದಲ್ಲಿ ಕೈ ಬಿಗಿ ಹಿಡೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಅಂಕದ ಪಟ್ಟಿ, ಆಧಾರ್ ಪ್ರತಿ, ವಿದ್ಯಾರ್ಥಿವೇತನದ ಪಟ್ಟಿ ಗುಂಪಿಗೆ ಹಾಕಲೇಬೇಡಿ. ಜಾತಿ, ಆದಾಯ, ಖಾತೆ ಸಂಖ್ಯೆ ಎಲ್ಲವೂ ಆ ಪಟ್ಟಿಯಲ್ಲಿ ಇರುತ್ತೆ.

ಉತ್ತರ 3: ಶಿಕ್ಷಕಿ, ಧಾರವಾಡ ಜಿಲ್ಲಾ

ಮೇಲಿನವರು ಅಡ್ಮಿನ್ ಅಷ್ಟ ಮಾತಾಡ್ಲಿ ಅಂದದ್ದಕ್ಕ ನನ್ನ ಒಂದ ಮಾತು. ಅಷ್ಟಕ್ಕ ನಿಲ್ಲಿಸಿದ್ರ ಪಾಲಕರ ಮಾತು ಶಾಲಿಗೆ ಬರೂದಿಲ್ರೀ. ತಿಂಗಳಿಗೆ ಒಂದ ಸಂಜಿ, ಒಂದ ತಾಸು, ಗುಂಪು ತೆರದ ಇಡ್ರಿ. ವಿಷಯ ಒಂದ: "ಮನೆಗೆಲಸ ಹೆಚ್ಚಾತೇನು?" ಆಮೇಲೆ ಮುಚ್ರಿ. ಅವತ್ತು ಬಂದದ್ದನ್ನ ಮುಂದಿನ ಹಾಳಿಯೊಳಗ ಹಾಕ್ರಿ.

ಇನ್ನು ಸಭೆ. ಬರಹದ ಭಾಷೆಯಲ್ಲೇ ಹೇಳುತ್ತೇನೆ, ಎಲ್ಲರಿಗೂ ಅನುಕೂಲ.

ದಿನ ಆರಿಸುವುದರಲ್ಲೇ ಅರ್ಧ ಸೋಲು-ಗೆಲುವು ಇದೆ. ಸಂತೆಯ ದಿನ ಬೇಡ, ಸಂಘದ ಕಂತು ಕಟ್ಟುವ ದಿನ ಬೇಡ, ರಾಗಿ ಕೊಯ್ಲು ಇಲ್ಲವೇ ಟೊಮೆಟೊ ಕೀಳುವ ವಾರ ಬೇಡ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕದ ಊರುಗಳಿವೆ, ಅಮಾವಾಸ್ಯೆಯಂದೂ ಹೊಲದ ಕೆಲಸ ಇರುವುದಿಲ್ಲ. ಅಂಥ ಊರಿಗೆ ಅದೇ ಒಳ್ಳೆಯ ದಿನ. ನಿಮ್ಮಲ್ಲಿ ಕಾರ್ಖಾನೆಯ ವಾರದ ರಜೆ ಯಾವತ್ತು ಎಂದು ಕೇಳಿ. ಹಸು ಇರುವ ಮನೆಯವರಿಗೆ ಸಂಜೆ 4ರಿಂದ 6 ಆಗುವುದೇ ಇಲ್ಲ, ಹಾಲು ಕರೆಯುವ ಹೊತ್ತು. ಉಳಿಯುವುದು ಬೆಳಿಗ್ಗೆ ಡೇರಿ ಮುಗಿದ ಮೇಲಿನ ಒಂದು ತಾಸು.

61 ಮನೆಯವರನ್ನು ಒಟ್ಟಿಗೆ ಕರೆಯುವ ಮಹಾಸಭೆ 6-8ನೇ ತರಗತಿಗೆ ಕೆಲಸ ಮಾಡುವುದಿಲ್ಲ. ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂದು ಒಂದೂವರೆ ತಾಸು ಹೋಗುತ್ತದೆ, ತಾಯಿ ತನ್ನ ಮಗಳ ಬಗ್ಗೆ ಒಂದು ಮಾತೂ ಕೇಳದೆ ಎದ್ದು ಹೋಗುತ್ತಾಳೆ. ಮುಂದಿನ ಸಲ ಬರುವುದಿಲ್ಲ. ತರಗತಿಗೆ ಒಂದು ದಿನ, ಮನೆಗೆ 8 ನಿಮಿಷ ಇಡಿ. 20 ಮನೆಗೆ 160 ನಿಮಿಷ, ಅಂದರೆ ಎರಡು ತಾಸು 40 ನಿಮಿಷ. ಮೂವರು ಶಿಕ್ಷಕರು ಮೂರು ಬೆಂಚಿನಲ್ಲಿ ಕುಳಿತರೆ ಒಂದು ತಾಸಿನೊಳಗೆ ಮುಗಿಯುತ್ತದೆ. ಚೀಟಿಯಲ್ಲಿ "ಬೆಳಿಗ್ಗೆ 9.20ಕ್ಕೆ ಬನ್ನಿ" ಎಂದು ಅವರವರ ಹೊತ್ತು ಬರೆಯಿರಿ. ಹೊತ್ತು ಗೊತ್ತಿದ್ದವರು ಬರುತ್ತಾರೆ, ಯಾಕೆಂದರೆ ಅರ್ಧ ದಿನದ ಕೂಲಿ ಹೋಗುವುದಿಲ್ಲ.

ತಿಂಗಳಿಗೊಂದು ಬೇಡ, ವರ್ಷಕ್ಕೆ ನಾಲ್ಕು ಸಾಕು. ಎಫ್‌ಎ-1 (ಮೊದಲ ರೂಪಣಾತ್ಮಕ ಮೌಲ್ಯಮಾಪನ) ಆದ ಮೇಲೆ ಒಂದು, ಎಸ್‌ಎ-1 (ಮೊದಲ ಸಂಕಲನಾತ್ಮಕ ಮೌಲ್ಯಮಾಪನ) ಮುಗಿದು ದಸರಾ ರಜೆಯ ನಂತರ ಒಂದು, ಎಫ್‌ಎ-3 ಆದ ಮೇಲೆ ಒಂದು, ಕೊನೆಗೆ ಎಸ್‌ಎ-2 ಫಲಿತಾಂಶದ ದಿನ. ಸಮುದಾಯದತ್ತ ಶಾಲೆ ಕಾರ್ಯಕ್ರಮ ಬಂದಾಗ ಅದರಲ್ಲೇ ಇದನ್ನು ಸೇರಿಸಿಬಿಡಿ, ಅದರ ಉದ್ದೇಶವೇ ಮಗುವಿನ ಕಲಿಕೆಯನ್ನು ಮನೆಯವರ ಮುಂದೆ ಇಡುವುದು.

8 ನಿಮಿಷದಲ್ಲಿ ಮಗು ಜೊತೆಗಿರಬೇಕು. ಇದರಲ್ಲಿ ರಾಜಿ ಇಲ್ಲ. 12-13ರ ಮಕ್ಕಳ ಬಗ್ಗೆ ಅವರ ಬೆನ್ನ ಹಿಂದೆ ಮಾತಾಡಿದರೆ ಮನೆಗೆ ಹೋದ ಮೇಲೆ ಏಟು ಬೀಳುತ್ತದೆ, ಮಗು ಶಾಲೆಯನ್ನು ನಂಬುವುದಿಲ್ಲ. ಮಗುವೇ ತನ್ನ ಎರಡು ನೋಟ್‌ಬುಕ್ ತರಲಿ: ಚೆನ್ನಾಗಿ ಬಂದದ್ದು ಒಂದು, ತೊಡಕಾಗಿದ್ದು ಒಂದು. ಮೊದಲ ಮೂರು ನಿಮಿಷ ಮಗುವಿನದು. ಆಮೇಲೆ ಶಿಕ್ಷಕರು ಒಂದೇ ಒಂದು ಸಂಗತಿ ಹೇಳಲಿ, ಮನೆಯವರು ಒಂದು ಹೇಳಲಿ. ಕೊನೆಗೆ ಮೂವರೂ ಒಪ್ಪಿದ ಒಂದು ಕೆಲಸವನ್ನು ಬರೆದುಕೊಳ್ಳಿ. "ಚೆನ್ನಾಗಿ ಓದಬೇಕು" ಎಂದು ಬರೆಯಬೇಡಿ. "ಸೋಮವಾರದಿಂದ ರಾತ್ರಿ 8ರಿಂದ 8.30 ಕನ್ನಡ ಗಟ್ಟಿಯಾಗಿ ಓದುವುದು, ಅಕ್ಕ ಕೇಳಿಸಿಕೊಳ್ಳುವುದು" ಎಂದು ಬರೆಯಿರಿ. ಮುಂದಿನ ಸಭೆ ಇದೇ ಚೀಟಿಯಿಂದ ಶುರುವಾಗಬೇಕು.

ಈ ವಯಸ್ಸಿಗೆ ತಕ್ಕ ಇನ್ನೊಂದು ಸಂಗತಿ, ಆರೋಗ್ಯ. 6ನೇ ತರಗತಿಯಿಂದ ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳೆಸಬಹುದು. ಊಟದ ನಂತರ ನುಂಗಿದರೂ ಮಲ ಕಪ್ಪಾಗಬಹುದು. ಕಪ್ಪಾಗುವುದು ಸಹಜ ಎಂದು ಮೊದಲೇ ಮನೆಗೆ ಹೇಳದಿದ್ದರೆ ಒಂದು ಮಗು ವಾಂತಿ ಮಾಡಿದ ದಿನ ಇಡೀ ಊರು ಮಾತ್ರೆ ಬೇಡ ಎನ್ನುತ್ತದೆ. ಊಟದ ನಂತರವೇ ಕೊಡುತ್ತೇವೆ ಎಂದು ಹಾಳೆಯಲ್ಲಿ ಬರೆಯಿರಿ. ಆಗಸ್ಟ್ 10, ಫೆಬ್ರವರಿ 10ರ ಜಂತುಹುಳು ನಿವಾರಣಾ ದಿನಕ್ಕೂ ಹೀಗೆಯೇ. ಅಲ್ಬೆಂಡಜೋಲ್ 400 ಮಿಲಿಗ್ರಾಂ, ಅಗಿದು ನುಂಗುವ ಮಾತ್ರೆ, ಜ್ವರ ಇರುವ ಮಗುವಿಗೆ ಅವತ್ತು ಕೊಡುವುದಿಲ್ಲ ಎಂದು ಒಂದು ವಾರ ಮೊದಲೇ ತಿಳಿಸಿ.

ಗೋಡೆ ಪತ್ರಿಕೆಯನ್ನು ಶಾಲೆಯೊಳಗಿನ ಗೋಡೆಗೆ ಹಾಕಬೇಡಿ. 7-8ನೇ ತರಗತಿಯ ನಾಲ್ಕು ಮಕ್ಕಳ ಸಂಪಾದಕ ಮಂಡಳಿ ಮಾಡಿ, ಎರಡು ಡ್ರಾಯಿಂಗ್ ಶೀಟ್ ಕೊಡಿ, ತಿಂಗಳಿಗೊಮ್ಮೆ ಡೇರಿಯ ಇಲ್ಲವೇ ಪಂಚಾಯಿತಿ ಗ್ರಂಥಾಲಯದ ಗೋಡೆಗೆ ಹಚ್ಚಲಿ. ತನ್ನ ಮಗ ಬರೆದದ್ದು ಊರ ಮಧ್ಯೆ ಅಂಟಿದೆ ಎಂದರೆ ಅಪ್ಪ ನಿಂತು ಓದುತ್ತಾನೆ. ನಂತರ ಪಕ್ಕದಲ್ಲಿರುವ ಶಾಲೆಯ ಸುದ್ದಿಯನ್ನೂ ಓದುತ್ತಾನೆ.

ಉತ್ತರ 4: ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಹಾಸನ

ಎಸ್‌ಡಿಎಂಸಿ ಭಾಗ ನಾನು ಹೇಳ್ತೀನಿ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯ ಮುಕ್ಕಾಲು ಭಾಗ ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು. ಕೆಲಸ ಮೂರು: ಶಾಲೆ ನಡೆಯೋದನ್ನು ನೋಡಿಕೊಳ್ಳೋದು, ಶಾಲಾ ಅಭಿವೃದ್ಧಿ ಯೋಜನೆ ಮಾಡಿ ಶಿಫಾರಸು ಮಾಡೋದು, ಬಂದ ಅನುದಾನ ಹೇಗೆ ಖರ್ಚಾಯ್ತು ಅಂತ ನೋಡೋದು. ಅಂದ್ರೆ ಲೆಕ್ಕ ಕೇಳೋದು ಮುಖ್ಯ ಶಿಕ್ಷಕರ ಮೇಲೆ ಅನುಮಾನ ಪಟ್ಟ ಹಾಗಲ್ಲ. ಅದು ನಿಮ್ಮ ಕರ್ತವ್ಯ. ಈ ಮಾತನ್ನು ಮೊದಲ ಸಭೆಯಲ್ಲೇ ಮುಖ್ಯ ಶಿಕ್ಷಕರ ಬಾಯಿಂದಲೇ ಹೇಳಿಸಿ. ಆಮೇಲೆ ಕೇಳೋಕೆ ಯಾರೂ ಹಿಂಜರಿಯಲ್ಲ.

ಸಭೆಯ ನೋಟಿಸು 7 ದಿನ ಮೊದಲು ಹೋಗಲಿ. ವಿಷಯ ನಾಲ್ಕಕ್ಕಿಂತ ಹೆಚ್ಚು ಬೇಡ, ಮೊದಲನೆಯದು ಯಾವಾಗಲೂ ಹಿಂದಿನ ಸಭೆಯ ಅನುಪಾಲನೆ. ನಡವಳಿ ಪುಸ್ತಕದಲ್ಲಿ "ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಬರೆದರೆ ಏನೂ ಬರೆಯದ ಹಾಗೆ. ಏನು, ಯಾರು, ಯಾವತ್ತಿನೊಳಗೆ, ಎಷ್ಟು ಹಣ, ಈ ನಾಲ್ಕು ಇರಬೇಕು. "ಬಾಲಕಿಯರ ಶೌಚಾಲಯದ ಎರಡನೇ ಬಾಗಿಲಿನ ಚಿಲಕ ಇದೇ ತಿಂಗಳ 20ರೊಳಗೆ ಹಾಕಿಸೋದು, ಉಪಾಧ್ಯಕ್ಷರ ಜವಾಬ್ದಾರಿ, 350 ರೂಪಾಯಿ ಮೀರದಂತೆ." ನಡವಳಿ ಬರೆದು, ಓದಿ ಹೇಳಿ, ಆಮೇಲೆ ಸಹಿ. ಖಾಲಿ ಪುಟಕ್ಕೆ ಮೊದಲೇ ಸಹಿ ಹಾಕಿಸಿಕೊಳ್ಳೋ ರೂಢಿ ಎಲ್ಲೇ ಇದ್ದರೂ ಅವತ್ತೇ ನಿಲ್ಲಿಸಿ. ಬರಹ ಮುಗಿದ ಕಡೆಗೂ ಸಹಿಗೂ ನಡುವೆ ಜಾಗ ಉಳಿದಿದ್ದರೆ ಗೆರೆ ಎಳೀರಿ.

ಅನುದಾನ. ಸಮಗ್ರ ಶಿಕ್ಷಣ ಅನ್ನೋ ಕೇಂದ್ರದ ಯೋಜನೆಯ ಮಾನದಂಡದಲ್ಲಿ 101ರಿಂದ 250 ಮಕ್ಕಳಿರೋ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ತನಕ ಶಾಲಾ ಅನುದಾನ ಇದೆ, ಅದರಲ್ಲಿ ಕನಿಷ್ಠ 10 ಪ್ರತಿಶತ ಸ್ವಚ್ಛತೆಗೆ. ನಿಮ್ಮ 142 ಮಕ್ಕಳ ಶಾಲೆ ಇದೇ ಸಾಲಿಗೆ ಬರುತ್ತೆ. ಬಂದದ್ದು ಎಷ್ಟು, ಖರ್ಚಾಗಿದ್ದು ಎಷ್ಟು ಅಂತ ಆರು ಸಾಲಿನಲ್ಲಿ ಹಾಳೆಗೆ ಹಾಕಿ. ಅಭಿವೃದ್ಧಿ ಯೋಜನೆ ಡಿಸೆಂಬರ್ ಒಳಗೆ ಸಿದ್ಧವಾಗಬೇಕು, ಆರ್ಥಿಕ ವರ್ಷ ಮಾರ್ಚ್‌ಗೆ ಮುಗಿಯುತ್ತೆ. ಕಾಂಪೌಂಡು, ಕೊಠಡಿ ಇಂಥ ದೊಡ್ಡ ಕೆಲಸದ ಬೇಡಿಕೆಯನ್ನು ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಎತ್ತಲಿ, ಸಮಿತಿಯ ಠರಾವಿನ ಪ್ರತಿ ಅವರ ಕೈಯಲ್ಲಿರಲಿ. ಅಲ್ಲಿ ಬಾಯಿ ಮಾತಿಗೆ ಬೆಲೆ ಕಡಿಮೆ, ಸ್ವೀಕೃತಿ ಸಹಿ ಬಿದ್ದ ಕಾಗದಕ್ಕೆ ಹೆಚ್ಚು.

ತಾಯಂದಿರನ್ನು ಶಾಲೆಗೆ ಕರೆತರೋಕೆ ಬಿಸಿಯೂಟದಷ್ಟು ಸುಲಭದ ದಾರಿ ಇನ್ನೊಂದಿಲ್ಲ. ವಾರಕ್ಕೆ ಇಬ್ಬರಂತೆ ಸರದಿ ಹಾಕಿ. ಬರೀ ರುಚಿ ನೋಡಿ ಹೋಗೋದಲ್ಲ, ಅಳತೆಯೂ ಗೊತ್ತಿರಬೇಕು. 6-8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. 1-5ಕ್ಕೆ 100, 20, 50, 5. ಇವು ಬೇಯಿಸುವ ಮೊದಲಿನ ತೂಕ. 61ರಲ್ಲಿ 56 ಮಕ್ಕಳು ಹಾಜರಿದ್ದರೆ ಅಕ್ಕಿ 8 ಕೆಜಿ 400 ಗ್ರಾಂ, ಬೇಳೆ 1 ಕೆಜಿ 680 ಗ್ರಾಂ, ತರಕಾರಿ 4 ಕೆಜಿ 200 ಗ್ರಾಂ, ಎಣ್ಣೆ 420 ಗ್ರಾಂ. ತಪ್ಪು ಹೆಚ್ಚಾಗಿ ಆಗೋದು ತರಕಾರಿಯಲ್ಲಿ, ಬೆಲೆ ಏರಿದ ವಾರ ಸಾಂಬಾರು ತೆಳ್ಳಗಾಗುತ್ತೆ. ಕಂಡ ಕೊರತೆಯನ್ನು ರುಚಿ ಪುಸ್ತಕದಲ್ಲಿ ಬರೆದು ಮುಖ್ಯ ಶಿಕ್ಷಕರಿಗೆ ಹೇಳಿ. ಅಡುಗೆಯವರ ಮೇಲೆ ಮಕ್ಕಳೆದುರು ಕೂಗಾಡಬೇಡಿ. ಕೊಟ್ಟ ಸಾಮಾನಿನಲ್ಲಿ ಅವರು ಮಾಡ್ತಾರೆ, ಅವರೂ ಹೆಚ್ಚಾಗಿ ಇದೇ ಊರಿನ ತಾಯಂದಿರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆ. ಇನ್ನೂ ಎರಡು ಕೇಳೋದಿದೆ. ತೆಲುಗು ಮನೆಗಳಿಗೆ ಹಾಳೆಯನ್ನು ತೆಲುಗಿನಲ್ಲೂ ಬರೀಬೇಕಾ? ಮತ್ತೆ, ಹಾಜರಾತಿ ಕಡಿಮೆ ಇರೋ ಮಕ್ಕಳ ಹೆಸರನ್ನು ಫಲಕದಲ್ಲಿ ಹಾಕಿದರೆ ಮನೆಯವರು ಓಡಿ ಬರ್ತಾರೆ ಅಂತ ಸಮಿತಿಯಲ್ಲಿ ಒಬ್ಬರ ಸಲಹೆ. ಸರಿಯಾ?

ಉತ್ತರ 3ರ ಶಿಕ್ಷಕಿ

ಹೆಸರು ಹಾಕಬೇಡಿ. ಗೈರಾಗುವ 13ರ ಹುಡುಗಿ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರಬಹುದು, ಮುಟ್ಟಿನ ದಿನ ಶಾಲೆಯಲ್ಲಿ ನೀರಿಲ್ಲದೆ ಉಳಿದಿರಬಹುದು, ಮದುವೆಯ ಮಾತು ನಡೆದಿರಬಹುದು. ಫಲಕದಲ್ಲಿ ಹೆಸರು ಕಂಡರೆ ಮನೆಯವರು ಬರುವುದಿಲ್ಲ, ಟಿಸಿ ಕೇಳುತ್ತಾರೆ. ಮೂರು ದಿನ ಸತತ ಬಾರದಿದ್ದರೆ ಮೂರನೇ ದಿನ ಸಂಜೆಯೇ ಫೋನು, ಏಳನೇ ದಿನ ಮನೆ ಭೇಟಿ, ಶಿಕ್ಷಕರ ಜೊತೆ ಸಮಿತಿಯ ಒಬ್ಬ ತಾಯಿ. ಮೊದಲ ಮಾತು "ಯಾಕೆ ಬಂದಿಲ್ಲ" ಅಲ್ಲ, "ಹುಷಾರಾಗಿದ್ದಾಳಾ?" ಮದುವೆ, ದುಡಿಮೆ, ಹೊಡೆತದ ಸುಳಿವು ಸಿಕ್ಕರೆ ಅಲ್ಲಿ ವಾದಕ್ಕೆ ಇಳಿಯಬೇಡಿ. ಹೊರಗೆ ಬಂದು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಒಟ್ಟು ಸಂಖ್ಯೆಯನ್ನು ಹಾಕಬಹುದು: "ಈ ತಿಂಗಳು 7ನೇ ತರಗತಿಯಲ್ಲಿ ದಿನಕ್ಕೆ ಸರಾಸರಿ 20ರಲ್ಲಿ 17 ಮಕ್ಕಳು ಬಂದಿದ್ದಾರೆ." ಅದಕ್ಕೆ ಯಾರ ಮುಖವೂ ಇಲ್ಲ.

ಉತ್ತರ 1ರ ನಿವೃತ್ತ ಮುಖ್ಯ ಶಿಕ್ಷಕ

ತೆಲುಗು ಲಿಪಿ ಬೇಡ ಮೇಡಂ. ಕೋಲಾರದ ತೆಲುಗು ಮನೆಗಳಲ್ಲಿ ಮಾತು ತೆಲುಗಾದರೂ ಶಾಲೆಗೆ ಹೋದವರು ಓದಿದ್ದು ಕನ್ನಡದಲ್ಲಿ. ತೆಲುಗಿನಲ್ಲಿ ಬರೆದರೆ ಓದೋರೇ ಸಿಗಲ್ಲ. ಹಾಳೆ ಕನ್ನಡದಲ್ಲೇ ಇರಲಿ, ಧ್ವನಿ ಸಂದೇಶ ಮಾತ್ರ ಎರಡು ಕಳಿಸಿ, ಒಂದು ಕನ್ನಡ, ಒಂದು ತೆಲುಗು. ತೆಲುಗಿನದನ್ನು ಸಮಿತಿಯ ತಾಯಿಯೊಬ್ಬರು ಮನೆಮಾತಿನಲ್ಲೇ ಹೇಳಲಿ, ಓದಿದ ಹಾಗೆ ಹೇಳಬಾರದು. ತಾರೀಕು, ಕಚೇರಿಯ ಹೆಸರು, ಕಾಗದದ ಹೆಸರು ಮಾತ್ರ ಎರಡರಲ್ಲೂ ಒಂದೇ ಪದ ಇರಲಿ. "ಆದಾಯ ಪ್ರಮಾಣಪತ್ರ" ಅನ್ನೋದನ್ನು ತೆಲುಗಿಗೆ ತಿರುಗಿಸಿದರೆ ನಾಡಕಚೇರಿಯ ಕೌಂಟರಿನಲ್ಲಿ ಅಮ್ಮ ಬೇರೇನೋ ಕೇಳಿ ವಾಪಸು ಬರ್ತಾರೆ.

ಪಾಳಿಯ ಅಪ್ಪಂದಿರಿಗೆ ಸಭೆಯ ಹೊತ್ತನ್ನು ಎರಡು ಕೊಡಿ, ಬೆಳಿಗ್ಗೆ 9 ಮತ್ತು ಮಧ್ಯಾಹ್ನ 3.15. ರಾತ್ರಿ ಪಾಳಿಯವರು ಬೆಳಿಗ್ಗೆ ನಿದ್ದೆಯಲ್ಲಿರ್ತಾರೆ, ಅವರಿಗೆ ಮಧ್ಯಾಹ್ನದ್ದು. ಎರಡಕ್ಕೂ ಆಗದವರಿಗೆ ಅದೇ 8 ನಿಮಿಷ ಫೋನಿನಲ್ಲಿ, ಮಗು ಪಕ್ಕದಲ್ಲಿ ಕೂತಿರುವಾಗ, ಸ್ಪೀಕರ್ ಹಾಕಿಕೊಂಡು. ಪಟ್ಟಿಯಲ್ಲಿ ಅವರನ್ನೂ ಹಾಜರು ಅಂತಲೇ ಬರೆದುಕೊಳ್ಳಿ.